ಬಿಲ್ಲು ಉಳಿಯಿತು, ಕಥೆ?

ಬೇಟೆಗಾರನ ಮಾತನ್ನು ಅರ್ಧ ಕಳೆದು ಕೇಳಬೇಕೆಂಬ ಹಾಸ್ಯ ಎಲ್ಲ ನಾಡುಗಳಲ್ಲಿಯೂ ಇದೆ. ಹೊಡೆದ ಹಂದಿ ಹೇಳಿದಾಗಲೆಲ್ಲ ಗೇಣುದ್ದ ಬೆಳೆಯುತ್ತದೆ. ತಪ್ಪಿಸಿಕೊಂಡ ಹುಲಿಯಂತೂ ಆನೆಯಷ್ಟಾಗುತ್ತದೆ. ಆದರೆ ನಮ್ಮ ಪ್ರಾಚೀನ ಕಾವ್ಯ ಪುರಾಣಗಳನ್ನು ಬಲ್ಲವರಿಗೆ ಇದಕ್ಕೆ ವಿರುದ್ಧವಾದ ಸಂಗತಿಯೊಂದು ಕಾಣದೆ ಇರದು. ಅಲ್ಲಿ ಜನಮನದಲ್ಲಿ ನಿಂತ ಬೇಟೆಗಳು ಬಹುಮಟ್ಟಿಗೆ ಕೆಟ್ಟುಹೋದ ಬೇಟೆಗಳು. ದಶರಥನು ಸರಯೂ ತೀರದ ಕತ್ತಲೆಯಲ್ಲಿ ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ಬಗೆದು ಶಬ್ದವೇಧಿಯನ್ನು ಬಿಟ್ಟನು. ಮುಂದಿನ ಪುತ್ರಶೋಕಕ್ಕೆ ಅದೇ ಬೀಜವಾಯಿತು. ಪಾಂಡುವಿನ ಬಾಣಕ್ಕೆ ಬಿದ್ದ ಹುಲ್ಲೆ ಹುಲ್ಲೆಯಾಗಿರಲಿಲ್ಲ, ಕಿಂದಮನೆಂಬ ಋಷಿಯಾಗಿದ್ದನು. ಜರನೆಂಬ ಬೇಡನು ಮೃಗವೆಂದು ತಿಳಿದು ಶ್ರೀಕೃಷ್ಣನ ಪಾದಕ್ಕೆ ಎಚ್ಚನು. ಕ್ರೌಂಚವೊಂದು ಬೇಡನ ಬಾಣಕ್ಕೆ ಬಿದ್ದಾಗ ಆದಿಕವಿಯ ಶೋಕ ಶ್ಲೋಕವಾಯಿತು. ದುಷ್ಯಂತನ ಬೇಟೆಯನ್ನು ನಾವು ನೆನೆಯುವುದು ಹೂಡಿದ ಬಾಣವನ್ನು ಅವನು ಇಳಿಸಿದನೆಂಬ ಕಾರಣಕ್ಕೆ.

ಬೇಟೆಯ ಸಂಭ್ರಮವನ್ನು ನಮ್ಮ ಕವಿಗಳು ಬಣ್ಣಿಸಲಿಲ್ಲವೆಂದಲ್ಲ, ಪಂಪನೇ ಬಣ್ಣಿಸಿದ್ದಾನೆ. ಆದರೆ ಸಂಭ್ರಮದ ವರ್ಣನೆ ಗ್ರಂಥದಲ್ಲಿ ಉಳಿಯಿತು, ತಪ್ಪಿದ ಬಾಣದ ಕಥೆ ಮನೆಮನೆಯ ಮಾತಾಯಿತು. ಹರಿಹರನ ರಗಳೆಯ ಕಣ್ಣಪ್ಪನೂ ಬಿಲ್ಲುಗಾರನೇ. ಆತನನ್ನು ನೆನೆಯುವವರು ಆತ ಹೊಡೆದ ಮಿಗಗಳನ್ನು ಲೆಕ್ಕ ಹಾಕುವುದಿಲ್ಲ.

ಇದು ಕವಿಗಳ ಕರುಣೆಯೊಂದರಿಂದಲೇ ಆದದ್ದಲ್ಲ. ಆಯುಧದ ಸ್ವಭಾವವೂ ಇದಕ್ಕೆ ಕಾರಣವೆಂದು ನಮ್ಮ ಎಣಿಕೆ. ಕೋವಿಯ ಗುಂಡು ದೂರದಿಂದ, ಆಘಾತದಿಂದ ಕೆಡಹುತ್ತದೆ. ಬಾಣವಾದರೋ ಕೊಯ್ದು, ರಕ್ತ ಹರಿಸಿ ಕೊಲ್ಲತಕ್ಕದ್ದು. ಸಾದಾ ಮರದ ಬಿಲ್ಲಿನಿಂದ ದೊಡ್ಡ ಮಿಗವನ್ನು ಹೊಡೆಯಬೇಕಾದರೆ ಇಪ್ಪತ್ತು ಮೂವತ್ತು ಗಜದೊಳಗೆ ಹೋಗಬೇಕು. ಗಾಳಿ ಮಿಗದ ಕಡೆಯಿಂದ ತನ್ನ ಕಡೆಗೆ ಬೀಸುವಂತೆ ನೋಡಿಕೊಳ್ಳಬೇಕು. ಒಣಗಿದ ಎಲೆಯೊಂದು ಕಾಲಡಿಯಲ್ಲಿ ಮುರಿಯಬಾರದು. ಇಷ್ಟಾದರೂ ಹೆದೆಯ ಸದ್ದು ಬಾಣಕ್ಕಿಂತ ಮೊದಲೇ ಜಿಂಕೆಯ ಕಿವಿಯನ್ನು ಮುಟ್ಟುತ್ತದೆ; ಅದು ಮೈ ಕುಗ್ಗಿಸಿದರೆ ಬಾಣ ಬೆನ್ನಿನ ಮೇಲೆ ಹಾರಿಹೋಗುತ್ತದೆ. ತಾಕಿದರೂ ಮಿಗ ನಿಂತಲ್ಲೇ ಬೀಳುವುದು ಅಪರೂಪ, ಓಡುತ್ತದೆ. ಒಡನೆ ಬೆನ್ನಟ್ಟಿದರೆ ಇನ್ನೂ ದೂರ ಓಡೀತೆಂದು ಬೇಟೆಗಾರ ಕುಳಿತು ಕಾಯಬೇಕು. ಆಮೇಲೆ ಎಲೆಯ ಮೇಲಿನ ರಕ್ತದ ಹನಿಯನ್ನು ಹುಡುಕುತ್ತ ಜಾಡು ಹಿಡಿಯಬೇಕು. ತಾನು ಮಾಡಿದ್ದೇನೆಂದು ತನಗೇ ತಿಳಿಯದೆ ಕುಳಿತಿರುವ ಆ ಹೊತ್ತು ಕೋವಿ ಹಿಡಿದವನಿಗೆ ಅಷ್ಟಾಗಿ ಇಲ್ಲ. ಬಿಲ್ಲಿನ ಬೇಟೆಯ ಕಥೆ ಹುಟ್ಟುವುದು ಅಲ್ಲಿ. ಜಾಡು ಸಿಗದೆ ಗಾಯಗೊಂಡ ಪ್ರಾಣಿ ಕಾಡಿನಲ್ಲೇ ನರಳಿ ಸಾಯುವುದೂ ಉಂಟು. ಈ ಬೇಟೆಯನ್ನು ಹಾಡಿಹೊಗಳುವವರು ಆ ಮಾತನ್ನು ಮುಚ್ಚಿಡಬಾರದು.

ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕೆಯಲ್ಲಿ ಬಿಲ್ಲಿನ ಬೇಟೆ ಮತ್ತೆ ಚಿಗುರಿದ ವೃತ್ತಾಂತ ಈ ದೃಷ್ಟಿಯಿಂದ ವಿಚಾರಮಾಡತಕ್ಕದ್ದಾಗಿದೆ. 1911ರ ಆಗಸ್ಟ್ 29ರಂದು ಕ್ಯಾಲಿಫೋರ್ನಿಯದ ಓರೊವಿಲ್ ಪಟ್ಟಣದ ಕಸಾಯಿಖಾನೆಯೊಂದರ ಬಳಿ ಹಸಿವಿನಿಂದ ಬಳಲಿದ ಒಬ್ಬ ಮನುಷ್ಯ ಸಿಕ್ಕಿದನು. ಯಾಹಿ ಎಂಬ ಬುಡಕಟ್ಟಿನ ಕೊನೆಯವನು ಅವನು. 1849ರ ಚಿನ್ನದ ನೂಕುನುಗ್ಗಲಿನ ತರುವಾಯ ಬಂದ ಬಿಳಿಯರು ಆ ಜನರನ್ನು ಕೆಲವೇ ದಶಕಗಳಲ್ಲಿ ಬೇಟೆಯಾಡಿ ಮುಗಿಸಿದ್ದರು. ಬೇಟೆಯೆಂಬ ಮಾತನ್ನು ಇಲ್ಲಿ ಅಲಂಕಾರಕ್ಕಾಗಿ ಬಳಸುತ್ತಿಲ್ಲ. ಉಳಿದ ನಾಲ್ಕಾರು ಮಂದಿ ಕಣಿವೆಗಳಲ್ಲಿ ಅಡಗಿ ಬದುಕಿದರು. 1908ರಲ್ಲಿ ಭೂಮಾಪಕರ ತಂಡವೊಂದು ಅವರ ಗುಡಿಸಲುಗಳನ್ನು ಕಂಡು ಹೊದಿಕೆ, ಸಲಕರಣೆಗಳನ್ನು ನೆನಪಿನ ಕಾಣಿಕೆಯೆಂದು ಹೊತ್ತೊಯ್ದಿತು. ಆಮೇಲೆ ಅವನೊಬ್ಬನೇ ಉಳಿದನು. ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವ ವಾಡಿಕೆ ಆ ಜನರಲ್ಲಿರಲಿಲ್ಲ. ಹೇಳಬಲ್ಲವರು ಯಾರೂ ಇರಲಿಲ್ಲ. ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ ಅವನನ್ನು ಇಶಿ ಎಂದು ಕರೆದರು. ಅವನ ನುಡಿಯಲ್ಲಿ ಆ ಪದಕ್ಕೆ ಮನುಷ್ಯ ಎಂದೇ ಅರ್ಥ.

ಸ್ಯಾನ್‌ಫ್ರಾನ್ಸಿಸ್ಕೋದ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದಲ್ಲಿ ಇಶಿ ವಾಸಿಸಿದನು. ಪಕ್ಕದ ವೈದ್ಯಕೀಯ ಶಾಲೆಯಲ್ಲಿ ಶಸ್ತ್ರವೈದ್ಯರಾಗಿದ್ದ ಸ್ಯಾಕ್ಸ್‌ಟನ್ ಪೋಪ್ ಅವನಿಗೆ ವೈದ್ಯರಾಗಿ ಬಂದು ಶಿಷ್ಯರಾದರು. ಜೂನಿಪರ್ ಮರವನ್ನು ಕೆತ್ತಿ, ಬೆನ್ನಿಗೆ ಜಿಂಕೆಯ ನರವನ್ನು ಅಂಟಿಸಿ ಬಿಲ್ಲು ಮಾಡುವುದು. ಜ್ವಾಲಾಮುಖಿಯ ಗಾಜುಗಲ್ಲನ್ನು, ಅದು ಸಿಗದಿದ್ದಾಗ ಒಡೆದ ಸೀಸೆಯ ಗಾಜನ್ನು, ಕೊಂಬಿನ ಮೊನೆಯಿಂದ ಒತ್ತಿ ಒತ್ತಿ ಅಲಗು ತೆಗೆಯುವುದು. ಬಾಣಕ್ಕೆ ಗರಿ ಕಟ್ಟುವುದು, ಇವನ್ನೆಲ್ಲ ಪೋಪ್ ನೋಡಿ ಕಲಿತು 1918ರಲ್ಲಿ ಪ್ರಬಂಧವಾಗಿ ಬರೆದರು. ಬೇಟೆಯ ಹಿಂದಿನ ದಿನ ಇಶಿ ಮೀನು ತಿನ್ನುತ್ತಿರಲಿಲ್ಲ, ಹೊಗೆ ಸೇದುತ್ತಿರಲಿಲ್ಲ. ಬೆಳಗ್ಗೆ ತೊರೆಯಲ್ಲಿ ಮಿಂದು ಮೈಗೆ ಕಂಪಿನ ಸೊಪ್ಪನ್ನು ಉಜ್ಜಿಕೊಳ್ಳುತ್ತಿದ್ದನು. ಮರಿಯ ಆರ್ತನಾದವನ್ನು ತುಟಿಯಲ್ಲಿ ಹೊರಡಿಸಿ ಮೊಲಗಳನ್ನು ಬಳಿಗೆ ಕರೆಯಬಲ್ಲವನಾಗಿದ್ದನು. 1914ರಲ್ಲಿ ಕ್ರೋಬರ್, ಪೋಪ್ ಮುಂತಾದವರನ್ನು ತನ್ನ ಹಳೆಯ ಕಣಿವೆಗೂ ಕರೆದೊಯ್ದು ತೋರಿಸಿದನು. 1916ರ ಮಾರ್ಚಿಯಲ್ಲಿ ಕ್ಷಯದಿಂದ ತೀರಿಕೊಂಡನು. ಅವನ ಮೆದುಳನ್ನು ಬೇರ್ಪಡಿಸಿ ವಾಷಿಂಗ್ಟನ್ನಿನ ಸಂಗ್ರಹಾಲಯಕ್ಕೆ ಕಳುಹಿದರು. ಅದು ಅವನ ಜನರ ಬಂಧುಗಳಿಗೆ ಮರಳಿ ಸಿಕ್ಕಿದ್ದು 2000ದಲ್ಲಿ.

ಗುರು ಸತ್ತ ಮೇಲೆ ವಿದ್ಯೆ ಬೆಳೆಯಿತು. ಪೋಪ್ ಹಾಗೂ ಅವರ ಮಿತ್ರ ಆರ್ಥರ್ ಯಂಗ್ 1920ರಲ್ಲಿ ಯೆಲ್ಲೊಸ್ಟೋನಿನಲ್ಲಿ ವಿಶೇಷ ಅನುಮತಿ ಪಡೆದು ಸಂಗ್ರಹಾಲಯಕ್ಕೆಂದು ಗ್ರಿಜ್ಲಿ ಕರಡಿಗಳನ್ನು ಬಾಣದಿಂದ ಹೊಡೆದರು. ಕ್ಯಾಲಿಫೋರ್ನಿಯದ ಸ್ವಂತ ಗ್ರಿಜ್ಲಿಗಳು ಅದೇ ದಶಕದಲ್ಲಿ ನಿರ್ನಾಮವಾದುವೆಂಬುದನ್ನು ಇಲ್ಲಿ ಸೇರಿಸಬೇಕು. 1923ರಲ್ಲಿ ಪೋಪ್ ಬರೆದ ಗ್ರಂಥ ಆ ದೇಶದ ಸಾವಿರಾರು ಯುವಕರ ಕೈಗೆ ಬಿಲ್ಲು ಕೊಟ್ಟಿತು. 1925ರಲ್ಲಿ ಅವರು ಆಫ್ರಿಕೆಗೆ ಸಿಂಹದ ಬೇಟೆಗೆ ಹೋದಾಗ ಸಂಗಡಿಗನೊಬ್ಬನ ಕೋವಿ ಕಾವಲಿಗಿತ್ತು. 1934ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನ ಬಿಲ್ಲಿಗೆಂದೇ ಜಿಂಕೆಯ ಬೇಟೆಯ ಋತುವನ್ನು ಗೊತ್ತುಮಾಡಿತು. 1961ರಲ್ಲಿ ಪೋಪ್ ಮತ್ತು ಯಂಗರ ಹೆಸರಿನಲ್ಲಿ ಸಂಘವೊಂದು ಸ್ಥಾಪಿತವಾಗಿ, ಬಾಣಕ್ಕೆ ಬಿದ್ದ ಮೃಗಗಳ ಕೊಂಬುಗಳನ್ನೂ ತಲೆಬುರುಡೆಗಳನ್ನೂ ಅಳೆದು ದಾಖಲೆ ಪುಸ್ತಕ ಬರೆಯತೊಡಗಿತು. ಸಂಘದ ಹೆಸರಿನಲ್ಲಿ ಶಿಷ್ಯರಿಬ್ಬರಿದ್ದಾರೆ, ಗುರುವಿಲ್ಲ.

ಅಳತೆಯ ಪುಸ್ತಕವನ್ನು ನಾವು ಹಳಿಯುವುದಿಲ್ಲ, ಅದಕ್ಕೂ ಉಪಯೋಗವಿದೆ. ಆದರೆ ಕೊಂಬಿನ ಅಂಗುಲವನ್ನು ಬರೆದ ಮಾತ್ರಕ್ಕೆ ಬೇಟೆಯನ್ನು ಹೇಳಿದಂತಾಗದು. ಬೇಟೆಯನ್ನು ಹೇಳುವುದೆಂದರೇನೆಂದು ತಿಳಿಯಬೇಕಾದರೆ ಆ ದೇಶದವನೇ ಆದ ಆಲ್ಡೊ ಲಿಯೊಪೋಲ್ಡನನ್ನು ಓದಬಹುದು. ತನ್ನ ಬಿಲ್ಲನ್ನು ತಾನೇ ಕೆತ್ತಿಕೊಳ್ಳುತ್ತಿದ್ದ ಈ ಅರಣ್ಯಾಧಿಕಾರಿ ಯೌವನದಲ್ಲಿ ಕೋವಿಯಿಂದ ಒಂದು ಹೆಣ್ಣು ತೋಳವನ್ನು ಕೊಂದು, ಅದರ ಕಣ್ಣಿನ ಬೆಳಕು ನಂದುವುದನ್ನು ಬಳಿಯಲ್ಲಿ ನಿಂತು ನೋಡಿದನು. ಆತ ಸತ್ತ ಮರುವರ್ಷ, 1949ರಲ್ಲಿ, ಪ್ರಕಟವಾದ ಪುಸ್ತಕದಲ್ಲಿ ಆ ಪ್ರಸಂಗ ಎರಡು ಮೂರು ಪುಟಗಳಷ್ಟಿದೆ. ಅರಣ್ಯವನ್ನು ಕುರಿತ ಒಂದು ತಲೆಮಾರಿನ ಆಲೋಚನೆ ಅದರಿಂದ ಬದಲಾಯಿತು. ದಶರಥನ ವಂಶದ ಕಥೆ ಅದು.

ಇನ್ನು ಇಶಿ ಹೇಳಿದ ಕಥೆಗಳು. ಅವನು ಬಿಲ್ಲನ್ನಷ್ಟೇ ಕಲಿಸಲಿಲ್ಲ. ಗಂಟೆಗಟ್ಟಲೆ ಕಥೆ ಹೇಳಿದನು, ಹಾಡಿದನು. ಕಾಡುಬಾತಿನ ಮದುವೆಯ ಕಥೆ ಮೊದಲಾದವನ್ನು ಕ್ರೋಬರ್ ಹಾಗೂ ವಾಟರ್‌ಮನ್ ನೂರಕ್ಕೂ ಮೀರಿದ ಮೇಣದ ಉರುಳೆಗಳಲ್ಲಿ ಹಿಡಿದಿಟ್ಟರು. 1915ರ ಬೇಸಗೆಯಲ್ಲಿ ಭಾಷಾಶಾಸ್ತ್ರಜ್ಞ ಎಡ್ವರ್ಡ್ ಸಪೀರ್ ಅವನ ಬಾಯಿಂದ ಹಲ್ಲಿಯ ಕಥೆಯೊಂದನ್ನು ಬರೆದುಕೊಂಡರು. ಹಲ್ಲಿ ಬಾಣ ಮಾಡುತ್ತಾನೆ; ಏನೋ ಅವಘಡವಾಗುತ್ತದೆ; ಎದ್ದು ಹೋಗಿ ಸರಿಪಡಿಸಿ ಬಂದು ಮತ್ತೆ ಬಾಣ ಮಾಡಲು ಕೂಡುತ್ತಾನೆ. ಬಿಲ್ಲು ಕಲಿಯಲು ಬಂದವರಿಗೆ ಇದಕ್ಕಿಂತ ಹಿರಿದಾದ ಪಾಠವಿರಲಿಲ್ಲ. ಆದರೆ ಅದರ ಅನುವಾದಕ್ಕೆ ವಿದ್ವಾಂಸರು ಕೈಹಾಕಿದ್ದು ಎಷ್ಟೋ ದಶಕಗಳ ತರುವಾಯ. ಆ ಹೊತ್ತಿಗೆ ಕೇಳಿ ತಿಳಿಯಲು ಆ ನುಡಿಯನ್ನಾಡುವವರು ಒಬ್ಬರೂ ಇರಲಿಲ್ಲ. ಮರ, ನರ, ಗರಿಗಳ ವಿದ್ಯೆ ಕೆಲವೇ ವರ್ಷಗಳಲ್ಲಿ ಕೈಯಿಂದ ಕೈಗೆ ದಾಟಿತು. ಮಾತು ಮೇಣದಲ್ಲಿ ಉಳಿಯಿತು.

ನಮ್ಮಲ್ಲಿ ಒಂದು ಕಾಲಕ್ಕೆ ಬೇಟೆಯ ಕಥೆಯನ್ನು ಕಲ್ಲಿನ ಮೇಲೆ ಬರೆಯುತ್ತಿದ್ದರು. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಶಿಲೆ ಕ್ರಿ. ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಗಂಗರ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಕಾದಿತು, ಎರಡೂ ಸತ್ತವು. ಕಲ್ಲಿನಲ್ಲಿ ಎರಡನ್ನೂ ಕಡೆದಿದ್ದಾರೆ. ಹಂದಿಗೂ ಜಾಗ ಕೊಟ್ಟ ಆ ಶಿಲ್ಪಿಯ ನ್ಯಾಯಬುದ್ಧಿ ನಮಗೆ ಮೆಚ್ಚಿಗೆಯಾಗುತ್ತದೆ. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟುವುದೆಂದೂ ಶಾಸನ ವಿಧಿಸುತ್ತದೆ.

ಇಂದಿನ ಕನ್ನಡ ಓದುಗನಿಗೆ ಬೇಟೆಯ ಕಥೆಯೆಂದರೆ ಕೆನೆತ್ ಆಂಡರ್ಸನ್, ಜಿಮ್ ಕಾರ್ಬೆಟ್. ಪೂರ್ಣಚಂದ್ರ ತೇಜಸ್ವಿಯವರು ಅವರನ್ನು ನಮ್ಮ ನುಡಿಗೆ ಬರಮಾಡಿಕೊಂಡ ಸೊಗಸನ್ನು ಹೊಗಳಬೇಕಾದುದಿಲ್ಲ. ಆ ಕಥೆಗಳಲ್ಲಿ ಕಾಡಿನ ಜನ ಬರುತ್ತಾರೆ, ಪ್ರೀತಿಯಿಂದಲೇ ಬರುತ್ತಾರೆ. ಪೂಜಾರಿ ಬೈರನನ್ನು ಯಾರು ಮರೆತಾರು? ಜಾಡು ಹಿಡಿದವನು ಅವನು, ಅಪಾಯವನ್ನು ಮೊದಲು ಮೂಸಿದವನು ಅವನು. ಕಥೆ ಹೇಳಿದವನು ಮಾತ್ರ ಕೋವಿ ಹಿಡಿದವನು. ಅದೇ ಸಂಜೆ ಬೈರ ತನ್ನ ಗುಡಿಸಲಿನಲ್ಲಿ ಮಕ್ಕಳ ಮುಂದೆ ಅದನ್ನೇ ಹೇಗೆ ಹೇಳಿರಬಹುದೆಂಬ ಕುತೂಹಲ ಯಾವ ಸಾಹಿತ್ಯ ವಿದ್ಯಾರ್ಥಿಗೂ ಮೂಡಬೇಕು.

1972ರ ವನ್ಯಜೀವಿ ಸಂರಕ್ಷಣಾ ಶಾಸನ ಬೇಟೆಯನ್ನು ನಿಲ್ಲಿಸಿತು. ಅದು ಸರಿಯಾದ ಶಾಸನ. ಬಿಲ್ಲನ್ನು ಮತ್ತೆ ಕಾಡಿಗೆ ಕರೆತರಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಆ ವರ್ಷ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಸೋಲಿಗರ ಪೋಡುಗಳಲ್ಲಿ, ಜೇನುಕುರುಬರ ಹಾಡಿಗಳಲ್ಲಿ, ಬೇಡರ ಹಳ್ಳಿಗಳಲ್ಲಿ, ಮಲೆನಾಡಿನ ಮೂಲೆಗಳಲ್ಲಿ ಕಾಡನ್ನು ಹೆಜ್ಜೆಯಿಂದಲೂ ಗಾಳಿಯಿಂದಲೂ ಓದಬಲ್ಲ ಹಿರಿಯರು ಇನ್ನೂ ಇದ್ದಾರೆ. ಬೇಟೆಯ ಮಾತೆತ್ತಿದರೆ ಅವರಿಗೆ ಮೊಕದ್ದಮೆಯ ನೆನಪಾಗುವುದು ಸಹಜ. ಧ್ವನಿಮುದ್ರಿಕೆ ಹಿಡಿದು ಹೋಗುವ ಅಧ್ಯಾಪಕರು ಇದನ್ನು ಅರಿತಿರಬೇಕು. ಇಸವಿ, ಊರುಗಳನ್ನು ಒತ್ತಿ ಕೇಳಬಾರದು. ಎಷ್ಟು ಹೊಡೆದಿರೆಂದು ಕೇಳುವ ಬದಲು ಯಾವುದನ್ನು ಹೊಡೆಯಬಾರದಾಗಿತ್ತೆಂದು ಕೇಳಲಿ. ಪಾಲನ್ನು ಹೇಗೆ ಹಂಚುತ್ತಿದ್ದರು, ಮುದುಕರಿಗೆ ಯಾವ ಭಾಗ, ಬಸುರಿಯಾದ ಮಿಗ ಎದುರಾದರೆ ಏನು ಮಾಡುತ್ತಿದ್ದರು, ಹೊರಡುವ ಮುನ್ನ ಯಾರಿಗೆ ಕೈಮುಗಿಯುತ್ತಿದ್ದರು, ತಪ್ಪಿಸಿಕೊಂಡು ಹೋದ ಪ್ರಾಣಿಯನ್ನು ಏನೆಂದು ಕರೆಯುತ್ತಿದ್ದರು? ಉತ್ತರವನ್ನು ಪುಸ್ತಕದ ಕನ್ನಡಕ್ಕೆ ತಿದ್ದದೆ ಅವರ ನುಡಿಯಲ್ಲೇ ಬರೆದುಕೊಳ್ಳಲಿ. ತಿಳಿಯದ ಪದದ ಅರ್ಥವನ್ನು ಅಂದೇ ಕೇಳಿ ಪಕ್ಕದಲ್ಲಿ ಗುರುತುಮಾಡಲಿ. ಹೇಳಿದವರು ಒಪ್ಪಿದರೆ ಅವರ ಹೆಸರು ಮೊದಲ ಪುಟದಲ್ಲಿರಲಿ, ಒಂದು ಪ್ರತಿ ಅವರ ಮನೆಯಲ್ಲಿರಲಿ. ಕಾಲೇಜುಗಳಿಗೆ ರಜೆ ಬಂದಾಗ ಇದಕ್ಕೆ ಬೇಕಾಗುವುದು ಒಂದು ಬಸ್ಸಿನ ಚೀಟಿ, ಎರಡು ನೋಟುಪುಸ್ತಕ ಮತ್ತು ಮಾತಿನ ನಡುವೆ ಬಾಯಿ ಹಾಕದೆ ಕುಳಿತು ಕೇಳುವ ತಾಳ್ಮೆ.