ಬೆಟ್ಟದ ಹೂವಿನಿಂದ ಉದುರಿಹೋದ ಪ್ರಶ್ನೆ

ಪುಸ್ತಕ ಚಂದವೋ ಸಿನಿಮಾ ಚಂದವೋ ಎನ್ನುವುದು ನಮ್ಮ ಮನೆಯ ಹಳೇ ಜಗಳ. 2004ರಲ್ಲಿ ಹ್ಯಾರಿ ಪಾಟರ್‌ನ ಮೂರನೆಯ ಸಿನಿಮಾ ಬಂದಾಗ ಮಗಳು ಥಾಣೆಯ ಥಿಯೇಟರಿನಿಂದ ಮುಖ ಊದಿಸಿಕೊಂಡು ಬಂದಿದ್ದಳು. ಆ ಮಾಯಾ ನಕಾಶೆಯನ್ನು ಮಾಡಿದ ನಾಲ್ವರು ಯಾರು ಅಂತ ಸಿನಿಮಾದಲ್ಲಿ ಹೇಳಲೇ ಇಲ್ಲವಂತೆ. "ಪುಸ್ತಕದಲ್ಲಿ ಅದೇ ಮುಖ್ಯ ಅಪ್ಪಾ, ಅದನ್ನೇ ಬಿಟ್ಟುಬಿಟ್ಟರು!" ಅಂತ ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಮೂರು ಗಂಟೆಯಲ್ಲಿ ಅಷ್ಟು ದಪ್ಪದ ಪುಸ್ತಕ ಹಿಡಿಸುತ್ತದೇನೇ ಅಂತ ನಾನು ನಕ್ಕಿದ್ದೆ.

ಈಗ ಅರವತ್ತು ದಾಟಿದ ಮೇಲೆ ನಾನೇ ಮುಖ ಊದಿಸಿಕೊಂಡು ಕೂತಿದ್ದೇನೆ. ನನ್ನ ತಕರಾರು ಮಾಯಾಲೋಕದ ಮೇಲಲ್ಲ, 'ಬೆಟ್ಟದ ಹೂವು' ಸಿನಿಮಾದ ಮೇಲೆ. ಕಲ್ಲು ಎತ್ತಿಕೊಳ್ಳಬೇಡಿ, ಪೂರ್ತಿ ಓದಿ.

ಆದದ್ದಿಷ್ಟು. ಮೊನ್ನೆ ನಮ್ಮ ಉಪನಗರದ ಕನ್ನಡ ಸಂಘವೊಂದರಲ್ಲಿ ಮಕ್ಕಳ ಕಾರ್ಯಕ್ರಮ ಇತ್ತು. ಛದ್ಮವೇಷ, ಭಾವಗೀತೆ ಎಲ್ಲ ಮುಗಿದ ಮೇಲೆ ಪರದೆ ಕಟ್ಟಿ ಬೆಟ್ಟದ ಹೂವು ತೋರಿಸಿದರು. ಪುನೀತ್ 2021ರ ಅಕ್ಟೋಬರ್ 29ಕ್ಕೆ ಹೋದ ಮೇಲೆ ಈ ಸಿನಿಮಾವನ್ನು ಒಣಗಣ್ಣಿನಲ್ಲಿ ನೋಡುವುದು ಕಷ್ಟ. ಕೊನೆಗೆ ರಾಮು ಪುಸ್ತಕ ಬಿಟ್ಟು ಕಂಬಳಿ ಕೊಂಡಾಗ ಹಾಲಿನಲ್ಲಿ ಎಲ್ಲರದ್ದೂ ಕರ್ಚೀಫು ಹೊರಗೆ ಬಂತು, ನನ್ನದೂ. ದೀಪ ಹಾಕಿದ ಮೇಲೆ ಮುಖ್ಯ ಅತಿಥಿಗಳು ಮೈಕ್ ಹಿಡಿದು, "ನೋಡಿ ಮಕ್ಕಳೇ, ತ್ಯಾಗ ಅಂದರೆ ಇದು. ನಿಮಗೆ ಇಷ್ಟು ಸಿಕ್ಕರೂ ಸಾಲುವುದಿಲ್ಲ" ಅಂತ ಇಪ್ಪತ್ತು ನಿಮಿಷ ಕೊರೆದರು. ಆಗ ಮುಂದಿನ ಸಾಲಿನಲ್ಲಿದ್ದ ಹತ್ತು-ಹನ್ನೊಂದರ ಒಂದು ಹುಡುಗಿ ಎದ್ದು ನಿಂತು ಕೇಳಿತು: "ಅಂಕಲ್, ಫಿರ್ ಕ್ಯಾ ಹುವಾ? ಅವನು ಸ್ಕೂಲ್‌ಗೆ ಹೋದ್ನಾ?"

ಎಲ್ಲರೂ ನಕ್ಕರು. ಅತಿಥಿಗಳೂ ನಕ್ಕು, "ಸಿನಿಮಾ ಮುಗೀತಲ್ಲ ಪುಟ್ಟಾ" ಅಂದರು. ಮಗು ಕೂತಿತು. ನನಗೆ ಮಾತ್ರ ಮೈ ಜುಮ್ಮೆಂದಿತು. ಯಾಕೆಂದರೆ ಆ ಮಗು ಕೇಳಿದ್ದು, ಈ ಸಿನಿಮಾ ಯಾವ ಕಾದಂಬರಿಯಿಂದ ಹುಟ್ಟಿತೋ ಆ ಕಾದಂಬರಿಯ ಹೆಸರನ್ನು!

ಬೆಟ್ಟದ ಹೂವು ಒಂದು ಇಂಗ್ಲಿಷ್ ಮಕ್ಕಳ ಕಾದಂಬರಿಯಿಂದ ಬಂದದ್ದು ಅನ್ನುವುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಶರ್ಲಿ ಎಲ್. ಅರೋರಾ ಎಂಬ ಅಮೆರಿಕದ ಲೇಖಕಿ 1960ರಲ್ಲಿ ಬರೆದ ಪುಸ್ತಕ, 'ವಾಟ್ ದೆನ್, ರಾಮನ್?'. ಅಂದರೆ, 'ಆಮೇಲೇನು, ರಾಮನ್?' ಮರುವರ್ಷ ಅದಕ್ಕೆ ಜೇನ್ ಆಡಮ್ಸ್ ಹೆಸರಿನ ಮಕ್ಕಳ ಪುಸ್ತಕ ಪ್ರಶಸ್ತಿ ಬಂತು. ಆಕೆ ಮುಂದೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಶಾಖೆಯಲ್ಲಿ ಸ್ಪ್ಯಾನಿಶ್ ಕಲಿಸುತ್ತ, ಗಾದೆಮಾತುಗಳ ಅಧ್ಯಯನದಲ್ಲಿ ಹೆಸರು ಮಾಡಿದರು. ಮಾಟುಂಗಾದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ ನನಗೆ ಇದು ಸಿಕ್ಕಾಗ, ಹೆಸರು ನೋಡಿ ಏನೋ ಪ್ರಶ್ನೋತ್ತರ ಮಾಲಿಕೆ ಅಂದುಕೊಂಡಿದ್ದೆ.

ಕತೆ ನಿಮಗೆ ಗೊತ್ತಿರುವಂಥದ್ದೇ. ದಕ್ಷಿಣ ಭಾರತದ ಗುಡ್ಡದೂರು. ಆ ಊರಿನಲ್ಲಿ ಓದಲು ಕಲಿತ ಮೊದಲ ಹುಡುಗ ರಾಮನ್. ಅಪ್ಪ ದುಡಿಮೆಗೆಂದು ದೂರ ಹೋಗುತ್ತಾನೆ, ಮನೆಯ ಭಾರ ಹುಡುಗನ ಮೇಲೆ ಬೀಳುತ್ತದೆ. ಅಮೆರಿಕದ ಹೆಂಗಸೊಬ್ಬರಿಗೆ ಕಾಡಿನ ಆರ್ಕಿಡ್ ಹೂ ತಂದುಕೊಟ್ಟು ಕಾಸು ಕೂಡಿಸುತ್ತಾನೆ. ಆಸೆಯೆಲ್ಲ ಒಂದೇ, ರಾಮಾಯಣದ ಪುಸ್ತಕ ಕೊಳ್ಳಬೇಕು. ಮನೆಯ ಕಷ್ಟ ಒಂದು ಕಡೆ ಎಳೆದರೆ ಪುಸ್ತಕದ ಆಸೆ ಇನ್ನೊಂದು ಕಡೆ. ಈ ಜಗ್ಗಾಟ ಪುಸ್ತಕದಲ್ಲೂ ಇದೆ, ಸಿನಿಮಾದಲ್ಲೂ ಇದೆ. ಆದರೆ ಕಾದಂಬರಿಯ ಬೆನ್ನೆಲುಬು ಅದಲ್ಲ. ಓದಲು ಕಲಿತೆ, ಪಂಡಿತನೂ ಆದೆ ಅಂತಿಟ್ಟುಕೋ, ಆಮೇಲೇನು? ಈ ಪ್ರಶ್ನೆಗೆ ಹುಡುಗ ನಿಧಾನವಾಗಿ ಉತ್ತರ ಕಂಡುಕೊಳ್ಳುತ್ತಾನೆ. ಊರಿನಲ್ಲಿ ತನಗೊಬ್ಬನಿಗೇ ಬರುವ ಅಕ್ಷರ ತನ್ನೊಬ್ಬನದೇ ಅಲ್ಲ, ಬಾರದವರಿಗೆ ಅದನ್ನು ದಾಟಿಸುವುದು ತನ್ನ ಜವಾಬ್ದಾರಿ ಅನ್ನುವುದೇ ಆ ಉತ್ತರ.

ಎನ್. ಲಕ್ಷ್ಮೀನಾರಾಯಣ್ ಇದನ್ನು 1985ರಲ್ಲಿ ಕನ್ನಡಕ್ಕೆ ತಂದರು. 'ನಾಂದಿ' ಮಾಡಿದವರು, ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ಮಾಡಿದವರು, ಅವರಿಗೆ ಸಾಹಿತ್ಯದ ಗಂಧ ಇರಲಿಲ್ಲ ಅನ್ನುವ ಧೈರ್ಯ ಯಾರಿಗಿದೆ? ರಾಜನ್-ನಾಗೇಂದ್ರ ಸಂಗೀತ. ಪುನೀತನಿಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂತು, ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ಆ ಅಮೆರಿಕದ ಹೆಂಗಸಿಗೆ ಲೇಖಕಿಯ ಹೆಸರನ್ನೇ, ಶರ್ಲಿ ಅಂತ, ಇಟ್ಟ ಸೌಜನ್ಯವೂ ಇದೆ. ಎಲ್ಲಕ್ಕಿಂತ ಜಾಣತನದ ಬದಲಾವಣೆ ಎಂದರೆ ಹುಡುಗ ಆಸೆಪಡುವ ಪುಸ್ತಕವನ್ನು ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಮಾಡಿದ್ದು. ಆ ಒಂದು ಏಟಿಗೆ ಕತೆ ನಮ್ಮದಾಯಿತು.

ಹಾಗಾದರೆ ನನ್ನ ತಕರಾರೇನು? ಹೆಸರನ್ನೇ ನೋಡಿ. ಪುಸ್ತಕದ ಹೆಸರು ಒಂದು ಪ್ರಶ್ನೆ, ಸಿನಿಮಾದ ಹೆಸರು ಒಂದು ಹೂವು. ಪ್ರಶ್ನೆ ಕೇಳಿದರೆ ಉತ್ತರ ಕೊಡಬೇಕು. ಹೂವನ್ನು ನೋಡಿ ಅಯ್ಯೋ ಎಷ್ಟು ಚಂದ, ಎಷ್ಟು ಪಾಪ ಅಂದರೆ ಸಾಕು. ಸಿನಿಮಾ ನೋಡಿದವರನ್ನು ಯಾರನ್ನಾದರೂ ಕೇಳಿ, ಏನು ನೆನಪಿದೆ ಅಂತ. ಕಂಬಳಿ ಅನ್ನುತ್ತಾರೆ. ನಲವತ್ತು ವರ್ಷದಿಂದ ಅದೊಂದೇ ನಮ್ಮ ತಲೆಯಲ್ಲಿ ಉಳಿದಿರುವುದು. ಬಡ ಹುಡುಗ ಓದಿನ ಆಸೆ ಬಿಟ್ಟಾಗ ನಮಗೆ ಅವನ ಮೇಲೆ ಪ್ರೀತಿ ಉಕ್ಕಿ ಬರುತ್ತದೆ. ಅದೇ ಹುಡುಗ, 'ಕಂಬಳಿ ನೀವು ದೊಡ್ಡವರು ತನ್ನಿ, ಪುಸ್ತಕ ನಾನು ತರುತ್ತೇನೆ' ಅಂದಿದ್ದರೆ? ಹಟಮಾರಿ ಅನ್ನುತ್ತಿದ್ದೆವು.

ಇದು ಮುಂಬಯಿಯಲ್ಲಿ ನನಗೆ ಚುಚ್ಚುವಷ್ಟು ಬೇರೆಲ್ಲೂ ಚುಚ್ಚುತ್ತಿರಲಿಲ್ಲವೇನೋ. ಯಾಕೆಂದರೆ ನಾವೆಲ್ಲ ರಾಮುಗಳೇ ಸ್ವಾಮಿ! ನಾನು ಕುಂದಾಪುರದ ಕಡೆಯಿಂದ ಹದಿಮೂರನೇ ವಯಸ್ಸಿನಲ್ಲಿ ಬಸ್ಸು ಹತ್ತಿದವನು, 1970ರ ದಶಕದ ಮೊದಲಲ್ಲಿ. ಫೋರ್ಟಿನ ಒಂದು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವ ಕೆಲಸ. ತಿಂಗಳಿಗೊಮ್ಮೆ ಮನಿಯಾರ್ಡರು. ಸಂಜೆಯಾದರೆ ಕೈಯಲ್ಲಿನ ಸೋಪಿನ ವಾಸನೆ ಹೋಗುವ ಮೊದಲೇ ರಾತ್ರಿ ಶಾಲೆಗೆ ಓಟ. ಈ ಊರಿನ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಮೊಗವೀರ ರಾತ್ರಿ ಶಾಲೆ, ಗುರುನಾರಾಯಣ ರಾತ್ರಿ ಶಾಲೆ, ಹೀಗೆ ಒಂದೊಂದು ಸಮಾಜದವರು, ಸಂಘದವರು ಕಟ್ಟಿದ ಶಾಲೆಗಳು. ಹಗಲು ಇಡ್ಲಿ ಹಂಚಿದ ಹುಡುಗರು ರಾತ್ರಿ ವ್ಯಾಕರಣ ಓದಿ ಎಸ್ಸೆಸ್ಸಿ ಪಾಸಾಗುತ್ತಿದ್ದರು. ಗುಮಾಸ್ತರಾದರು, ವಕೀಲರಾದರು, ಹೋಟೆಲು ಮಾಲಿಕರಾದರು. ಆ ಹುಡುಗರು ಕಂಬಳಿಯನ್ನೂ ಕೊಂಡರು, ಪುಸ್ತಕವನ್ನೂ ಕೊಂಡರು. 'ಎರಡರಲ್ಲಿ ಒಂದನ್ನು ಆರಿಸಿಕೋ' ಅಂತ ಅವರಿಗೆ ಯಾರೂ ಹೇಳಲಿಲ್ಲ. ಹೇಳಿದವರ ಮಾತನ್ನು ಅವರು ಕೇಳಲಿಲ್ಲ.

ಕೇಳಿದವನೊಬ್ಬನ ಕತೆ ಹೇಳುತ್ತೇನೆ. ನನ್ನ ಜೊತೆ ಅದೇ ಮೋರಿಯಲ್ಲಿ ಕಪ್ಪು ತೊಳೆಯುತ್ತಿದ್ದ. ಲೆಕ್ಕದಲ್ಲಿ ನನಗಿಂತ ಚುರುಕು, ಗಿರಾಕಿಯ ಬಿಲ್ಲನ್ನು ಬಾಯಲ್ಲೇ ಕೂಡಿಸುತ್ತಿದ್ದ. ನನ್ನ ಹಿಂದೆಯೇ ನಾಲ್ಕು ದಿನ ರಾತ್ರಿ ಶಾಲೆಗೆ ಬಂದ. ಆದರೆ ಸಂಜೆಯ ಪಾಳಿ ಮಾಡಿದರೆ ಹೋಟೆಲಿನಲ್ಲಿ ಎರಡು ಕಾಸು ಹೆಚ್ಚು ಸಿಗುತ್ತಿತ್ತು, ಮನೆಯಲ್ಲಿ ತಂಗಿಯರಿದ್ದರು. ಶಾಲೆ ಬಿಟ್ಟ. ಅವನ ಮನಿಯಾರ್ಡರ್ ಫಾರಮ್ಮು ಬರೆಯುತ್ತಿದ್ದವನು ನಾನೇ. ಊರಿನಿಂದ ಬರುತ್ತಿದ್ದ ಕಾಗದ ಓದಿ ಹೇಳುತ್ತಿದ್ದವನೂ ನಾನೇ. 'ನೀನು ನಮ್ಮ ಮನೆಯ ಬಂಗಾರ' ಅಂತ ಪ್ರತಿ ಕಾಗದದಲ್ಲೂ ಇರುತ್ತಿತ್ತು. ತಂಗಿಯರ ಮದುವೆಯಾಯಿತು, ಊರಲ್ಲಿ ಹೆಂಚಿನ ಮನೆ ಎದ್ದಿತು. ಅವನು ಬಂಗಾರವಾಗಿಯೇ ಉಳಿದ. ಇವತ್ತಿಗೂ ಬ್ಯಾಂಕಿನಿಂದ ಮೆಸೇಜು ಬಂದರೆ ನನಗೆ ಫೋನು ಮಾಡುತ್ತಾನೆ, "ಮಾರಾಯ, ಇದೇನು ಬರೆದಿದ್ದಾರೆ ಸ್ವಲ್ಪ ನೋಡು" ಅಂತ.

ನನಗೆ ನಾಚಿಕೆಯಾಗುವುದು ಅವನ ಬಗ್ಗೆ ಅಲ್ಲ. ಫಾರಮ್ಮು ತುಂಬಿಕೊಟ್ಟೆನೇ ಹೊರತು, ದಿನಕ್ಕೆ ಎರಡಕ್ಷರದಂತೆ ಅವನಿಗೆ ಕಲಿಸಬಹುದಿತ್ತಲ್ಲ ಅನ್ನುವುದು ನನಗೆ ಹೊಳೆಯಲೇ ಇಲ್ಲ. ಒಂದೇ ಕೋಣೆಯಲ್ಲಿ ಚಾಪೆ ಹಾಸಿಕೊಂಡು ವರ್ಷಗಟ್ಟಲೆ ಮಲಗಿದವರು ನಾವು. ಓದಲು ಕಲಿತೆ, ಆಮೇಲೇನು? ಆ ಪ್ರಶ್ನೆಯನ್ನು ಯಾರೂ ನನಗೆ ಕೇಳಲಿಲ್ಲ. ಬೆಟ್ಟದ ಹೂವನ್ನು ಊರಿನಿಂದ ತಂದ ವಿಡಿಯೋ ಕ್ಯಾಸೆಟ್ಟಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ನೋಡಿದ್ದೆವು. ಇಬ್ಬರೂ ಅತ್ತೆವು. ಅವನು ಯಾಕೆ ಅತ್ತ ಅಂತ ನಾನು ಯೋಚಿಸಲಿಲ್ಲ.

ಇನ್ನೊಂದು ಮಾತು. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದು ಎಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಅಂದರೆ ರಾಮುವಿಗೆ ಪ್ರಶಸ್ತಿ ಕೊಟ್ಟ ಮೇಲೂ ಇಪ್ಪತ್ತು ವರ್ಷ, ಸಿನಿಮಾ ನೋಡಿ ಕಣ್ಣೊರೆಸಿಕೊಂಡು ಹೊರಬಂದವರ ಮುಂದೆ ನೀರಿನ ಗ್ಲಾಸು ತಂದಿಡುತ್ತಿದ್ದವನು ಅದೇ ವಯಸ್ಸಿನ ಇನ್ನೊಬ್ಬ ರಾಮು. ಅವನನ್ನು ನೋಡಿ ನಮಗೆ ಅಳು ಬರಲಿಲ್ಲ. "ಏ ಛೋಟೂ, ಸಾಂಬಾರ್" ಅಂದೆವು.

ನೀವು ಕೇಳಬಹುದು: ಅಲ್ಲ ಮಾರಾಯರೆ, ಆ ಪುಸ್ತಕ ಬರೆದವಳು ಅಮೆರಿಕದವಳು. ಓದಿದವರು ಓದದವರನ್ನು ಉದ್ಧರಿಸಬೇಕು ಅನ್ನುವುದು ಪಾದ್ರಿಗಳ ಉಪದೇಶದ ಹಾಗಲ್ಲವೇ? ಮನೆಯವರ ಚಳಿಗೆ ಕಂಬಳಿ ತರುವುದು ನಮ್ಮ ಮಣ್ಣಿನ ಧರ್ಮವಲ್ಲವೇ? ಕಂಬಳಿಯ ಬಗ್ಗೆ ನನಗೂ ಗೌರವವಿದೆ, ಅದನ್ನು ಹೊದ್ದು ಬೆಳೆದವನೇ ನಾನು. ಆದರೆ ಮುಂಬಯಿಯ ರಾತ್ರಿ ಶಾಲೆಗಳನ್ನು ಕಟ್ಟಿದವರು ಯಾವ ಅಮೆರಿಕದಿಂದ ಬಂದಿದ್ದರು? ಹಗಲಿಡೀ ಆಫೀಸಿನಲ್ಲಿ ದುಡಿದು ರಾತ್ರಿ ನಮಗೆ ಪಾಠ ಮಾಡಿದ ಮಾಸ್ತರರಿಗೆ ಶರ್ಲಿ ಅರೋರಾ ಹೆಸರೂ ಗೊತ್ತಿರಲಿಲ್ಲ. ಆ ಪ್ರಶ್ನೆಗೆ ಉತ್ತರ ನಮ್ಮವರೇ ಕೊಟ್ಟಾಗಿತ್ತು. ಸಿನಿಮಾ ಅದನ್ನು ದೂರ ಹುಡುಕಬೇಕಾಗಿರಲಿಲ್ಲ.

ರಾಮಾಯಣ ದರ್ಶನಂ ವಿಷಯಕ್ಕೆ ಬರುತ್ತೇನೆ. ಜಾಣ ಬದಲಾವಣೆ ಅಂದೆ, ನಿಜ. ಆದರೆ ಹತ್ತು ವರ್ಷದ ಹುಡುಗ ಕೂತು ಓದಬಹುದಾದ ಪುಸ್ತಕವೇ ಅದು? ಹಳಗನ್ನಡದ ಬಿಗಿ, ಮಹಾಛಂದಸ್ಸು. ಎಂ.ಎ. ಮಾಡಿದವರೇ ತಿಣುಕುತ್ತಾರೆ. ಅದೇ ಕುವೆಂಪು ಮಕ್ಕಳಿಗಾಗಿ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಬರೆದಿದ್ದರು. ಮಾಯೆಯೂ ಇದೆ, ಇಲಿಗಳೂ ಇವೆ, ಯಾವ ಹ್ಯಾರಿ ಪಾಟರ್‌ಗೂ ಕಡಿಮೆಯಿಲ್ಲ. ಸಿನಿಮಾಕ್ಕೆ ಬೇಕಿದ್ದದ್ದು ಹುಡುಗ ಓದುವ ಪುಸ್ತಕವಲ್ಲ, ಕೈಮುಗಿಯುವ ಪುಸ್ತಕ. ಅಷ್ಟು ಎತ್ತರದಲ್ಲಿಟ್ಟರೆ ಬಿಟ್ಟುಬಂದಾಗ ತ್ಯಾಗ ದೊಡ್ಡದಾಗಿ ಕಾಣುತ್ತದೆ ನೋಡಿ.

ನಾವು ಮಾಡಿಕೊಂಡದ್ದೂ ಅದನ್ನೇ. ನನ್ನ ಶೋಕೇಸಿನಲ್ಲಿ ರಾಮಾಯಣ ದರ್ಶನಂ ಇದೆ, ಗಾಜಿನ ಹಿಂದೆ, ಗಣಪತಿಯ ಪಕ್ಕ. ಮೊಮ್ಮಗನಿಗೆ ಅದರ ಮೇಲಿರುವ ಹೆಸರು ಓದಲು ಬರುವುದಿಲ್ಲ. ಇದು ನನ್ನ ಮನೆಯದೊಂದೇ ಕತೆಯಾ? ಡೊಂಬಿವಿಲಿಯಿಂದ ವಸಾಯಿವರೆಗೆ ಬಾಗಿಲು ತಟ್ಟಿ ನೋಡಿ. ನಾವು ಕಂಬಳಿಗಳನ್ನು ಚೆನ್ನಾಗಿಯೇ ಕೊಂಡೆವು. ಒಂದು ಕೋಣೆಯ ಚಾಳಿನಿಂದ ಎರಡು ಬೆಡ್‌ರೂಮಿಗೆ ಬಂದೆವು, ಸಂಘಗಳಿಗೆ ಹವಾನಿಯಂತ್ರಿತ ಹಾಲು ಕಟ್ಟಿದೆವು. ಬಡತನದಲ್ಲಿ ಅದೇ ಸರಿಯಾದ ಆಯ್ಕೆಯಾಗಿತ್ತು, ಒಪ್ಪುತ್ತೇನೆ. ಆದರೆ ಈಗ ಯಾರಿಗೂ ಚಳಿಯಾಗುತ್ತಿಲ್ಲ. ಪುಸ್ತಕ ಮಾತ್ರ ಇನ್ನೂ ಅಂಗಡಿಯಲ್ಲೇ ಇದೆ. ಹೀಗಿದ್ದೂ ಹಾಲಿನಲ್ಲಿ ಪರದೆ ಕಟ್ಟಿ, ಕನ್ನಡ ಓದಲು ಬಾರದ ಮಕ್ಕಳನ್ನು ಕೂರಿಸಿ, ಕನ್ನಡ ಪುಸ್ತಕ ಬಿಟ್ಟುಕೊಟ್ಟ ಹುಡುಗನನ್ನು ತೋರಿಸಿ, ತ್ಯಾಗ ಕಲಿಯಿರಿ ಅನ್ನುತ್ತೇವಲ್ಲ! ಆ ಮಕ್ಕಳು ಆ ತ್ಯಾಗವನ್ನು ಆಗಲೇ ಮಾಡಿಯಾಗಿದೆ. ಅಲ್ಲಲ್ಲ, ನಾವೇ ಅವರಿಂದ ಮಾಡಿಸಿಯಾಗಿದೆ.

ಸಿನಿಮಾ ತೋರಿಸಬೇಡಿ ಅಂತ ನಾನು ಹೇಳುತ್ತಿಲ್ಲ. ತೋರಿಸಿ, ನಾನೂ ಬಂದು ಅಳುತ್ತೇನೆ. ದೀಪ ಹಾಕಿದ ಮೇಲೆ ಭಾಷಣ ಮಾತ್ರ ಬೇಡ. ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಕೊಡಿ. ವಾರಕ್ಕೊಂದು ಗಂಟೆ ಅದೇ ಹಾಲಿನಲ್ಲಿ ಬಳಪ ಹಿಡಿದು ನಿಲ್ಲುವವರು ನಮ್ಮ ಪೈಕಿ ಹತ್ತು ಜನ ಸಿಗುವುದಿಲ್ಲವೇ? ನಾನಂತೂ ಕಾರ್ಯದರ್ಶಿಗಳಿಗೆ ಹೆಸರು ಕೊಟ್ಟು ಬಂದಿದ್ದೇನೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ. ನನ್ನ ಹಳೇ ಗೆಳೆಯನಿಗೂ ಫೋನು ಮಾಡಿ ಹೇಳಿದೆ. "ಈ ವಯಸ್ಸಲ್ಲಿ ಎಂತ ಅಕ್ಷರ ಮಾರಾಯ" ಅಂತ ನಕ್ಕ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಲು ಸ್ಟೇಷನ್ನಿಗೆ ಎಷ್ಟು ದೂರ ಅಂತ ಕೇಳಿದ.