ಹಾರ ಬೇಡ, ಹಾರೆ ಹಿಡಿಯಿರಿ

ಬರದ ಸೀಮೆಯೆಂದೇ ಹೆಸರಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಗೆ ಗಾಳಿಮಳೆಯ ಅನಾಹುತ ಹೊಸದಲ್ಲ. ಮುಂಗಾರಿಗೆ ಮೊದಲು ಏಳುವ ಬಿರುಗಾಳಿ ಬಡವರ ಮನೆಯ ಶೀಟುಗಳನ್ನು ಹೊತ್ತೊಯ್ಯುತ್ತದೆ. ಹಿಂಗಾರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ತರುವ ಜಡಿಮಳೆ ಮಣ್ಣಿನ ಗೋಡೆಯ ಬುಡವನ್ನೇ ಕರಗಿಸುತ್ತದೆ. ವರ್ಷದ ಬಹುಕಾಲ ಮರಳಿನ ಹಾಸಾಗಿ ಮಲಗಿರುವ ಜಯಮಂಗಲಿ, 2021ರ ನವೆಂಬರಿನಲ್ಲಿ ದಡ ಮೀರಿ ಹರಿದುದನ್ನು ಈ ಭಾಗದ ಜನ ಮರೆತಿಲ್ಲ.

ಇಂತಹ ವೇಳೆಯಲ್ಲಿ ನಮ್ಮ ತರುಣರು ಓಡಿಬರುತ್ತಾರೆ. ಅವರ ಕರುಣೆಯನ್ನು ನಾವು ಶಂಕಿಸುವುದಿಲ್ಲ. ಆದರೆ ಆ ಕರುಣೆಯ ದಾರಿ ಯಾವುದು? ಅಕ್ಕಿ, ಕಂಬಳಿಗಳ ವಿತರಣೆ, ಒಂದು ಭಾವಚಿತ್ರ, ಒಂದು ಅಭಿನಂದನಾ ಸಭೆ, ಕೊರಳಿಗೊಂದು ಹಾರ. ಮೂರನೆಯ ದಿನ ಊರು ಮತ್ತೆ ಬರಿದು. ಸೂರಿಲ್ಲದ ಮನೆಯಲ್ಲಿ ಆ ಅಕ್ಕಿಯನ್ನು ಎಲ್ಲಿಡುವುದು? ನೆನೆದ ಒಲೆಯ ಮೇಲೆ ಬೇಯಿಸುವುದೆಂತು? ಇದನ್ನು ಕೇಳುವವರಿಲ್ಲ.

"ಮನೆ ಕಟ್ಟಿಕೊಡುವುದು ಸರ್ಕಾರದ ಹೊಣೆಯಲ್ಲವೇ?" ಎನ್ನುವವರುಂಟು. ಹೊಣೆ ಸರ್ಕಾರದ್ದೇ, ಅದನ್ನು ಕೇಳಿ ಪಡೆಯಲೂಬೇಕು. 2019ರ ನೆರೆಯ ಬಳಿಕ ಪೂರ್ಣ ಕುಸಿದ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾಯಿತು. ಆ ಹಣ ಕಟ್ಟಡದ ಹಂತ ನೋಡಿ ಕಂತುಗಳಲ್ಲಿ ಬರುವಂಥದು. ಕಂತು ಬರುವವರೆಗೆ ಮಳೆ ಕಾದೀತೇ? ನಾಲ್ಕು ಶೀಟು ಹಾರಿದ, ಒಂದು ಮೂಲೆ ಜರಿದ ಮನೆಯನ್ನು ಈ ವಾರ ದುರಸ್ತಿ ಮಾಡದಿದ್ದರೆ, ಮುಂದಿನ ಮಳೆಗೆ ಆ ಗೋಡೆ ಮಲಗಿದವರ ಮೇಲೆಯೇ ಬೀಳುತ್ತದೆ.

"ವಿದ್ಯಾರ್ಥಿಗಳಿಗೆ ಗಾರೆಕೆಲಸ ಬಂದೀತೇ?" ಎಂಬುದು ಇನ್ನೊಂದು ಆಕ್ಷೇಪ. ಬಾರದು, ಆದುದರಿಂದಲೇ ಕಲಿಯಬೇಕು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ, ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನೂ 7 ದಿನಗಳ ವಿಶೇಷ ಶಿಬಿರವನ್ನೂ ವಿಧಿಸಿದೆ. ಆ ಗಂಟೆಗಳೆಲ್ಲ ಗುಡಿಯಂಗಳ ಗುಡಿಸುವುದರಲ್ಲಿ, ನೀರೆರೆಯುವವರಿಲ್ಲದ ಸಸಿ ನೆಡುವುದರಲ್ಲಿ, ಸಂಜೆಯ ಭಾಷಣ ಕೇಳುವುದರಲ್ಲಿ ಕಳೆದುಹೋಗಬೇಕೇ? ಅವುಗಳಲ್ಲಿ 40 ಗಂಟೆಗಳನ್ನಾದರೂ ಊರಿನ ಗಾರೆಯವನ, ಬಡಗಿಯ ಕೈಕೆಳಗೆ ಕಳೆಯಲಿ. ಶೀಟಿನ ಮೇಲೆ ಕಲ್ಲು ಹೇರಿದರೆ ಸಾಲದು, ಕೊಕ್ಕೆ ಬೋಲ್ಟಿನಿಂದ ತೊಲೆಗೆ ಬಿಗಿಯಬೇಕು, ತೊಲೆಯನ್ನು ಗೋಡೆಗೆ ಬಂಧಿಸಬೇಕು. ಗಾಳಿ ಮೊದಲು ಎತ್ತುವುದು ಅಂಚನ್ನು. ಮಾಳಿಗೆ ಸೋರಿದಾಗಲೆಲ್ಲ ಮಣ್ಣು ಹೇರುತ್ತ ಹೋದರೆ ಆ ಭಾರಕ್ಕೆ ಜಂತೆ ಮುರಿಯುತ್ತದೆ. ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಕಾಲುವೆ ತೆಗೆಯಬೇಕು. ಇವು ಯಾವ ಪದವಿಗೂ ಕಡಿಮೆಯಲ್ಲದ ವಿದ್ಯೆಗಳು.

ಇದರಿಂದ ಕೂಲಿಕಾರರ ಅನ್ನ ಕಸಿದಂತಾಗದೇ ಎಂದರೆ, ಕಲಿಸುವ ಕೆಲಸಗಾರನಿಗೆ ಪೂರ್ಣ ಕೂಲಿ ಸಲ್ಲಲೇಬೇಕು. ಹಾರ, ಶಾಲು, ಬ್ಯಾನರುಗಳಿಗೆ ಸುರಿಯುವ ಹಣ ಅದಕ್ಕಾಗಲಿ. ತರುಣರು ಕಲ್ಲು, ಮಣ್ಣು ಹೊತ್ತು ಕೈಯಾಳುಗಳಾಗಲಿ.

ಇನ್ನೊಂದು ಕಹಿ ಸತ್ಯವನ್ನೂ ಹೇಳಲೇಬೇಕು. ನೆರವಿನ ವಾಹನ ರಸ್ತೆ ಬದಿಯಲ್ಲಿ ನಿಲ್ಲುತ್ತದೆ. ಕೇರಿಯ ಕೊನೆಯ ಗುಡಿಸಲಿಗೆ ಅದರ ಸದ್ದು ಮಾತ್ರ ಮುಟ್ಟುತ್ತದೆ. ಮೊದಲ ಶೀಟು ಆ ಕೊನೆಯ ಮನೆಗೆ ಏರದಿದ್ದರೆ, ಆ ಸೇವೆಗೆ ಸೇವೆಯೆಂಬ ಹೆಸರು ಸಲ್ಲದು. ಜಾತಿ ಕೇಳಿ ಸುರಿಯದ ಮಳೆಯ ಗಾಯಕ್ಕೆ ಜಾತಿ ನೋಡಿ ಮದ್ದು ಹಚ್ಚುವುದು ಕಾಯಕವೆನಿಸೀತೇ? ಕಾಲೇಜುಗಳಾಗಲಿ, ಸಂಘಗಳಾಗಲಿ, ಮಠಗಳಾಗಲಿ ಈ ಮಾತಿಗೆ ಹೊರತಲ್ಲ. ದಾಸೋಹ ಅನ್ನದ ಎಲೆಯಲ್ಲೇ ಮುಗಿಯುವುದಿಲ್ಲ. ಆ ಎಲೆ ಹಾಸುವ ನೆಲ ಒಣಗಿರಬೇಕು, ಮೇಲೆ ಸೂರಿರಬೇಕು.

ಆದುದರಿಂದ ಯುಗಾದಿಗೆ ಮೊದಲೇ ಈ ನಾಲ್ಕೂ ತಾಲ್ಲೂಕುಗಳಲ್ಲಿ ಹೋಬಳಿಗೊಂದು ತಂಡ ಸಿದ್ಧವಾಗಲಿ. ಶಿಥಿಲ ಮನೆಗಳ ಪಟ್ಟಿ, ಏಣಿ, ಹಗ್ಗ, ಹಾರೆ, ಗುದ್ದಲಿ ಕೈಯಲ್ಲಿರಲಿ. ಬಿದ್ದ ಮೇಲೆ ಎತ್ತುವುದಕ್ಕಿಂತ ಬೀಳುವ ಮುನ್ನ ಊರೆ ಕೊಡುವುದು ಲೇಸು. ತರುಣರ ಕೊರಳಿಗೆ ಹಾರ ಹಾಕುವವರು ನಾಡಿನಲ್ಲಿ ಬೇಕಾದಷ್ಟಿದ್ದಾರೆ. ಅವರ ಕೈಗೆ ಹಾರೆ ಕೊಡುವವರು ಬೇಕಾಗಿದ್ದಾರೆ.