ಮನೆಯ ಹೊಲಿಗೆ: ಬೇಸಗೆಯ ರವಿಕೆಯೂ ಕಾಗದದ ಮಾದರಿಯೂ

ಶಿವರಾತ್ರಿ ಕಳೆದು ಬಿಸಿಲೇರತೊಡಗಿತೆಂದರೆ ಮನೆಮನೆಗಳಲ್ಲಿಯೂ ಬಟ್ಟೆಯ ಪೆಟ್ಟಿಗೆಗಳು ತೆರೆಯುವುವು. ರೇಷ್ಮೆಯ ರವಿಕೆಗಳೂ ದಪ್ಪ ನೂಲಿನವೂ ಒಳಸೇರಿ, ತೆಳುವಾದ ಹತ್ತಿಯವು ಹೊರಬರುವುವು. ಬಾಗಿನದಲ್ಲಿಯೂ ಅರಿಸಿನ ಕುಂಕುಮದ ಸಮಾರಂಭಗಳಲ್ಲಿಯೂ ಬಂದು ಸೇರಿದ ಕಣಗಳ ಗಂಟು ಆಗಲೇ ಕಣ್ಣಿಗೆ ಬೀಳುವುದು. ಇವುಗಳಲ್ಲಿ ನಾಲ್ಕನ್ನಾದರೂ ಹೊಲಿಸಿಕೊಳ್ಳೋಣವೆಂದರೆ ದರ್ಜಿಯ ಅಂಗಡಿಯಲ್ಲಿ ಮದುವೆಯ ಕಾಲದ ನೂಕುನುಗ್ಗಲು. ಕೊಟ್ಟ ಬಟ್ಟೆ ಕೈಸೇರುವ ಹೊತ್ತಿಗೆ ಮುಂಗಾರಿನ ಮೋಡ ಕಟ್ಟಿರುವುದು. ಆದುದರಿಂದ ಮಾದರಿಯ ಕಾಗದವನ್ನು ತಂದು ತಾವೇ ಕತ್ತರಿಸುವ ಧೈರ್ಯ ಮಾಡುವ ಸೋದರಿಯರು ಅನೇಕರಿರುವರು. ಈ ತಿಂಗಳ ಮಾತು ಅವರಿಗಾಗಿ. ಹೊಲಿಗೆ ಬಲ್ಲ ಗೃಹಸ್ಥರೂ ಓದಬಹುದು. ಊರಿನ ದರ್ಜಿಗಳಲ್ಲಿ ಗಂಡಸರೇ ಹೆಚ್ಚಾಗಿರುವಾಗ ಮನೆಯೊಳಗೆ ಮಾತ್ರ ಕತ್ತರಿಯು ಹೆಂಗಸರದೆಂದು ಹೇಳುವುದಕ್ಕೆ ಕಾರಣ ಕಾಣೆ.

ಮೊದಲು ಒಂದು ವಿಷಯವನ್ನು ಮನಸ್ಸಿನಲ್ಲಿಡತಕ್ಕದ್ದು. ಮಾದರಿಯೆಂಬುದು ಕಾಗದದ ಮೇಲೆ ಬರೆದ ಇನ್ನೊಬ್ಬಳ ಮೈ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಟರ್ಲಿಂಗ್ ಎಂಬ ಊರಿನಲ್ಲಿ ಎಬನೇಜರ್ ಬಟರಿಕ್ ಎಂಬ ದರ್ಜಿಯು ೧೮೬೩ರಲ್ಲಿ ಬೇರೆಬೇರೆ ಅಳತೆಗಳ ಕಾಗದದ ಮಾದರಿಗಳನ್ನು ಮಾರತೊಡಗಿದಾಗ ಮನೆಯ ಹೊಲಿಗೆಗೆ ದೊಡ್ಡ ಉಪಕಾರವಾಯಿತು. ಆದರೆ ಎಷ್ಟು ಅಳತೆಗಳನ್ನು ಅಚ್ಚುಹಾಕಿದರೂ ಅವು ಕಲ್ಪನೆಯ ಮೈಗಳೇ ಹೊರತು, ನೀರು ಹೊತ್ತ, ಮಕ್ಕಳನ್ನೆತ್ತಿದ, ಒಂದು ಭುಜ ತುಸು ಇಳಿದ ನಮ್ಮ ನಿಮ್ಮ ಮೈಗಳಲ್ಲ. ಮಾದರಿಯಂತೆಯೇ ಕತ್ತರಿಸಿದೆವು, ಆದರೂ ಕೂರಲಿಲ್ಲವೆಂದು ತಮ್ಮ ಮೈಯನ್ನೇ ಹಳಿದುಕೊಳ್ಳುವ ಹೆಂಗಸರನ್ನು ನೋಡಿದ್ದೇನೆ. ತಿದ್ದಬೇಕಾದುದು ಕಾಗದವನ್ನು.

ಆರಿಸುವಾಗಲೇ ಎರಡು ಮೋಸಗಳುಂಟು. ಅಮೆರಿಕದ ದೊಡ್ಡ ಕಂಪೆನಿಗಳ ಮಾದರಿಗಳಲ್ಲಿ ಹೊಲಿಗೆಗೆ ಬೇಕಾದ ಅಂಚು, ಸಾಮಾನ್ಯವಾಗಿ ಒಂದೂವರೆ ಸೆಂಟಿಮೀಟರು, ಮೊದಲೇ ಸೇರಿರುವುದು. ೧೯೫೦ರಲ್ಲಿ ಆರಂಭವಾದ ಜರ್ಮನಿಯ ಬುರ್ಡಾ ಪತ್ರಿಕೆಯ ಹಾಳೆಗಳಲ್ಲಿಯಾದರೋ ಅದು ಸೇರಿರುವುದಿಲ್ಲ. ಪಡಿಯಚ್ಚು ತೆಗೆದ ಬಳಿಕ ನಾವೇ ಸುತ್ತಲೂ ಬಿಟ್ಟುಕೊಳ್ಳಬೇಕು. ಇದನ್ನು ನೋಡದೆ ಕತ್ತರಿಸಿದರೆ ರವಿಕೆಯು ಒಂದು ಅಳತೆ ಕಿರಿದಾಗುವುದು ನಿಶ್ಚಯ. ಗಣಕಯಂತ್ರದಿಂದ ಮುದ್ರಿಸಿಕೊಳ್ಳುವ ಮಾದರಿಗಳಲ್ಲಿ ಪರೀಕ್ಷೆಗೆಂದು ಒಂದು ಚೌಕವನ್ನು ಬರೆದಿರುತ್ತಾರೆ. ಮುದ್ರಣವಾದೊಡನೆ ಅದನ್ನು ಅಳತೆಪಟ್ಟಿಯಿಂದ ಅಳೆಯಿರಿ. ಯಂತ್ರವು ಹಾಳೆಗೆ ಹಿಡಿಸಲೆಂದು ಚಿತ್ರವನ್ನು ಕುಗ್ಗಿಸಿದ್ದರೆ ಅಲ್ಲಿಯೇ ತಿಳಿಯುವುದು.

ಇನ್ನು ಅಳತೆ. ಎದೆಯ ತುಂಬು ಸುತ್ತನ್ನು ನೋಡಿ ಮಾದರಿಯನ್ನು ಆರಿಸುವುದು ವಾಡಿಕೆ. ಹೀಗೆ ಮಾಡಿದರೆ ಎದೆ ತುಂಬಿದವರಿಗೆ ಭುಜವೂ ಕೊರಳೂ ಅಗಲವಾಗಿ, ರವಿಕೆಯು ತೋಳಿನ ಮೇಲೆ ಜಾರುತ್ತಿರುವುದು. ಪಟ್ಟಿಯನ್ನು ಕಂಕುಳ ಕೆಳಗಿನಿಂದ ಎದೆಯ ಮೇಲ್ಭಾಗದಲ್ಲಿ ಸುತ್ತಿ ಒಂದು ಅಳತೆಯನ್ನೂ, ತುಂಬಿದ ಎಡೆಯಲ್ಲಿ ಇನ್ನೊಂದನ್ನೂ ತೆಗೆದುಕೊಳ್ಳಿ. ಇವೆರಡರ ಅಂತರವು ಎರಡು ಅಂಗುಲವೆಂದು ಇಟ್ಟುಕೊಂಡೇ ಬಹುಮಟ್ಟಿನ ವಿದೇಶೀ ಮಾದರಿಗಳನ್ನು ಬರೆದಿರುವರು. ನಿಮ್ಮ ಅಂತರವು ನಾಲ್ಕು ಅಂಗುಲವಾದರೆ, ಮೇಲಿನ ಸುತ್ತಿಗೆ ಹೊಂದುವ ಚಿಕ್ಕ ಮಾದರಿಯನ್ನೇ ಆರಿಸಿಕೊಂಡು, ಕಡಿಮೆಯಾದ ಎರಡು ಅಂಗುಲವನ್ನು ಮುಂಭಾಗದಲ್ಲಿ ಮಾತ್ರ ಕೂಡಿಸಬೇಕು. (ಅಂಗುಲವೆಂದು ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ೧೯೫೬ರ ಶಾಸನದ ತರುವಾಯ ಅಂಗಡಿಯಲ್ಲಿ ಗಜ ಹೋಗಿ ಮೀಟರು ಬಂದರೂ, ದರ್ಜಿಯ ಕೊರಳಲ್ಲಿ ತೂಗುವ ಪಟ್ಟಿಯ ಮೇಲೆ ಅಂಗುಲವೇ ಆಳುತ್ತಿದೆ.)

ಕೂಡಿಸುವ ಕ್ರಮ ಹೀಗೆ. ಮುಂಭಾಗದ ಮಾದರಿಯು ಅರ್ಧ ಮೈಯದಾದುದರಿಂದ ಅದಕ್ಕೆ ಒಂದು ಅಂಗುಲ ಸೇರಬೇಕು. ಕಾಗದದಲ್ಲಿ ಎದೆಯ ಮೊನೆ ಬರುವ ಸ್ಥಾನಕ್ಕೆ ಚುಕ್ಕೆಯಿಡಿ. ಕೆಳಅಂಚಿನಿಂದ ಚುಕ್ಕೆಯವರೆಗೆ ನೆಟ್ಟಗೆ ಒಂದು ಗೆರೆ. ಅಲ್ಲಿಂದ ಕಂಕುಳ ವಕ್ರರೇಖೆಯ ಕೆಳಭಾಗದತ್ತ ಓರೆಯಾಗಿ ಅದನ್ನೇ ಮುಂದುವರಿಸಿ. ಡಾರ್ಟು ಎಂದು ಕರೆಯುವ ಮೊನೆಮಡಿಕೆಯು ಪಕ್ಕದಲ್ಲಿರುವುದಷ್ಟೆ. ಅದರ ನಡುವಿನಿಂದ ಚುಕ್ಕೆಗೆ ಎರಡನೆಯ ಗೆರೆ. ಗೆರೆಗಳಗುಂಟ ಕತ್ತರಿಸಿ, ಕಂಕುಳ ಅಂಚಿನಲ್ಲಿಯೂ ಎರಡನೆಯ ಗೆರೆಯು ಚುಕ್ಕೆಯನ್ನು ಮುಟ್ಟುವಲ್ಲಿಯೂ ಕಾಗದವು ಕೂದಲೆಳೆಯಷ್ಟು ಅಂಟಿಕೊಂಡಿರಲಿ. ಈಗ ಪಕ್ಕದ ತುಂಡನ್ನು ಮೆಲ್ಲನೆ ಸರಿಸಿ, ನೆಟ್ಟನೆಯ ಸೀಳು ಮೇಲಿಂದ ಕೆಳಗಿನವರೆಗೆ ಒಂದಂಗುಲ ತೆರೆಯುವಂತೆ ಮಾಡಿ. ಪಕ್ಕದ ಡಾರ್ಟು ತಾನಾಗಿಯೇ ಅಗಲವಾಗುವುದು. ಪಕ್ಕದ ತುಂಡು ಕೆಳಕ್ಕೆ ಇಳಿದಿರುವುದರಿಂದ, ನಡುವಿನ ತುಂಡಿನ ಕೆಳಅಂಚನ್ನೂ ಅಡ್ಡವಾಗಿ ಕತ್ತರಿಸಿ ಅಷ್ಟೇ ಇಳಿಸಿ ಸಮಮಾಡಬೇಕು. ತೆರಪುಗಳ ಅಡಿಯಲ್ಲಿ ಬೇರೆ ಕಾಗದವನ್ನು ಅಂಟಿಸಿದರೆ ಮುಗಿಯಿತು. ಓದುವುದಕ್ಕೆ ತೊಡಕಾಗಿ ತೋರುವುದು. ಕತ್ತರಿ ಹಿಡಿದು ಕುಳಿತರೆ ಕಾಲು ಗಂಟೆಯ ಕೆಲಸ. ಎದೆ ಚಪ್ಪಟೆಯಾದವರು ಇದನ್ನೇ ತಿರುಗುಮುರುಗಾಗಿ, ಸೀಳುಗಳನ್ನು ಒಂದರ ಮೇಲೊಂದು ಸರಿಸಿ ಮಾಡಿಕೊಳ್ಳಬಹುದು.

ಈಗ ಕಂಕುಳಿನ ವಿಷಯಕ್ಕೆ ಬರೋಣ. ನನ್ನ ಅಭಿಪ್ರಾಯದಲ್ಲಿ ಬೇಸಗೆಯ ರವಿಕೆಯ ಗುಣಾವಗುಣವೆಲ್ಲವೂ ಇಲ್ಲಿಯೇ ಇದೆ. ಸೆಕೆಗೆ ಸಡಿಲ ಬೇಕೆಂದು ಬಹುಮಂದಿ ಕಂಕುಳ ಸುತ್ತನ್ನು ಇನ್ನೂ ಕೆಳಕ್ಕೆ ಕೊರೆಯುವರು. ಫಲವು ವಿಪರೀತ. ಕೈ ಇಳಿಬಿಟ್ಟಾಗ ಹಾಯಾಗಿರುವ ಆ ರವಿಕೆಯು, ಮೇಲಿನ ಗೂಡಿನ ಡಬ್ಬಿಗೆ ಕೈಚಾಚಿದೊಡನೆ ಇಡಿಯಾಗಿ ಮೇಲಕ್ಕೇರುವುದು. ಕೆಳಗಿನ ಪಟ್ಟಿ ಎದೆಯನ್ನು ಕೊಯ್ಯುವುದು. ಕಾರಣ ಸರಳ. ತೋಳು ತಿರುಗುವುದು ಭುಜದ ಕೀಲಿನಲ್ಲಿ. ರವಿಕೆಯ ತೋಳು ಮೈಗೆ ಕೂಡುವ ಎಡೆಯು ಆ ಕೀಲಿಗೆ ಹತ್ತಿರವಿದ್ದಷ್ಟೂ ಬಟ್ಟೆಯು ಕೈಯೊಡನೆ ತಿರುಗುವುದು. ದೂರವಾದಷ್ಟೂ ಮೈಯ ಬಟ್ಟೆಯನ್ನೆಲ್ಲ ಎಳೆದುಕೊಂಡು ಹೋಗುವುದು. ಆದುದರಿಂದ ಕಂಕುಳ ಕೆಳಗೆ ಅರ್ಧ ಅಥವಾ ಮುಕ್ಕಾಲು ಅಂಗುಲ ಬಿಟ್ಟು ಸುತ್ತನ್ನು ಎತ್ತರದಲ್ಲಿಯೇ ನಿಲ್ಲಿಸಿ, ಸಡಿಲವನ್ನು ತೋಳಿನಲ್ಲಿ ಕೊಡತಕ್ಕದ್ದು. ತೋಳಿನ ಮಾದರಿಯ ತಲೆಯು ಗುಡ್ಡದಂತೆ ಎದ್ದಿರುವುದಷ್ಟೆ. ಅದನ್ನು ಅರ್ಧ ಅಂಗುಲ ತಗ್ಗಿಸಿ, ಎರಡು ಪಕ್ಕಕ್ಕೂ ಅಗಲಿಸಿ, ವಕ್ರರೇಖೆಯ ಒಟ್ಟು ಉದ್ದವು ಮೊದಲಿನಷ್ಟೇ ಉಳಿಯುವಂತೆ ನೋಡಿಕೊಳ್ಳಿ. ಕೈ ಇಳಿಬಿಟ್ಟಾಗ ಕಂಕುಳ ಬಳಿ ಎರಡು ಸುಕ್ಕು ಬೀಳುವುವು. ನಯಗಾರ ದರ್ಜಿಯು ಅದನ್ನು ದೋಷವೆನ್ನುವನು. ಎನ್ನಲಿ, ಅವನು ಒಲೆಯ ಮುಂದೆ ನಿಂತು ಚಪಾತಿ ಲಟ್ಟಿಸಬೇಕಾಗಿಲ್ಲ.

ನಮ್ಮ ಹಿರಿಯರ ಕುಪ್ಪಸಗಳಲ್ಲಿ ಇದಕ್ಕೆ ಬೇರೊಂದು ಉಪಾಯವಿದ್ದಿತು. ಖಣವು ಕಿರುಅಗಲದ ಬಟ್ಟೆ. ಒಂದು ಚೂರೂ ಹಾಳಾಗದಂತೆ ನೇರ ತುಂಡುಗಳಾಗಿ ಕತ್ತರಿಸಿ, ಕಂಕುಳಲ್ಲಿ ಒಂದು ಚೌಕದ ತುಂಡನ್ನು ಮೂಲೆ ಕೆಳಗಾಗಿ ಕೂಡಿಸುತ್ತಿದ್ದರು. ಕೈ ಎತ್ತಿದಾಗ ಆ ಚೌಕವು ಬಿಚ್ಚಿಕೊಂಡು ಜಾಗ ಕೊಡುವುದು. ಮಾದರಿಯ ರವಿಕೆಯು ಈಗಾಗಲೇ ಬಿಗಿಯಾಗಿದ್ದರೆ, ಕಂಕುಳ ಹೊಲಿಗೆಯನ್ನು ಬಿಚ್ಚಿ ಮೂರಂಗುಲದ ಚೌಕವೊಂದನ್ನು ಸೇರಿಸಿ ನೋಡಿ. ಗುಳೇದಗುಡ್ಡದ ಖಣದಲ್ಲಿ ನಡೆದುದು ರೂಬಿಯಾದಲ್ಲಿಯೂ ನಡೆಯುವುದು.

ಮನೆಯಲ್ಲಿ ವಯಸ್ಸಾದವರಿದ್ದರೆ ಈ ತಿದ್ದುಪಡಿಯು ಬರಿಯ ಸುಖದ ಮಾತಲ್ಲ. ಭುಜ ಬಿಗಿದುಕೊಂಡು ಕೈ ಹಿಂದಕ್ಕೆ ಹೋಗದ ಬಾಧೆಯು ಮಧುಮೇಹವುಳ್ಳವರಲ್ಲಿ ಹೆಚ್ಚೆಂದು ವೈದ್ಯರು ಹೇಳುತ್ತಾರೆ. ನನ್ನ ದೊಡ್ಡಮ್ಮನವರಿಗೆ ಇದು ಬಂದಾಗ, ರವಿಕೆ ತೊಡಿಸಲು ಸೊಸೆಯನ್ನು ದಿನವೂ ಕರೆಯಬೇಕಾಗುವುದೆಂಬ ಸಂಕೋಚದಿಂದ ಅವರು ಹೊರಗೆ ಹೋಗುವುದನ್ನೇ ಬಿಟ್ಟರು. ನೋವೆಂದು ಹೇಳುತ್ತಿದ್ದರೇ ಹೊರತು ರವಿಕೆಯ ಮಾತೆತ್ತಲಿಲ್ಲ. ತಿಳಿದ ಮೇಲೆ ಅವರಿಗಾಗಿ ಮುಂದುಗಡೆ ಪೂರ್ತಿ ತೆರೆಯುವಂತೆ, ಸಣ್ಣ ಕೊಕ್ಕೆಗಳಿಗೆ ಬದಲಾಗಿ ಒತ್ತುಗುಂಡಿಗಳನ್ನಿಟ್ಟು, ತೋಳನ್ನು ಎರಡಂಗುಲ ಅಗಲಿಸಿ ಮಲ್ಲಿನ ಮೂರು ರವಿಕೆಗಳನ್ನು ಹೊಲಿದೆವು. ತೊಡುವಾಗ ನೋಯುವ ಕೈಯನ್ನು ಮೊದಲು ಹಾಕಬೇಕು, ತೆಗೆಯುವಾಗ ಅದನ್ನು ಕೊನೆಗೆ ತೆಗೆಯಬೇಕು. ಇದನ್ನು ರೂಢಿಮಾಡಿಕೊಳ್ಳಲು ಅವರಿಗೆ ನಾಲ್ಕು ದಿನ ಹಿಡಿಯಿತು. ಆ ವರ್ಷದ ರಾಮನವಮಿಯ ದಿನ ಯಾರನ್ನೂ ಕರೆಯದೆ ತಾವೇ ರವಿಕೆ ತೊಟ್ಟು ಪಾನಕ ಹಂಚಲು ಹೊರಬಂದರು.

ಇನ್ನೊಂದು ಮಾತನ್ನು ಕುಟುಂಬದವರೆಲ್ಲರೂ ಓದುವ ಪುಟದಲ್ಲಿ ಬರೆಯುವುದು ಹೇಗೆಂದು ಸಂಕೋಚಪಡುವವರುಂಟು. ಬರೆಯದಿದ್ದರೆ ಅದನ್ನು ಬೇಕಾದವರು ಯಾರಲ್ಲಿ ಕೇಳಬೇಕು? ಸ್ತನದ ಶಸ್ತ್ರಚಿಕಿತ್ಸೆಯಾದ ಸೋದರಿಯರಿಗೆ ಯಾವ ಮಾದರಿಯೂ ನೇರವಾಗಿ ಹೊಂದುವುದಿಲ್ಲ, ಏಕೆಂದರೆ ಮಾದರಿಯು ಮೈಯ ಎರಡು ಪಾರ್ಶ್ವಗಳೂ ಒಂದೇ ಎಂದು ಭಾವಿಸಿರುವುದು. ಬಟ್ಟೆಯನ್ನು ಮಡಿಸಿ ಎರಡು ಪಾರ್ಶ್ವಗಳನ್ನೂ ಒಟ್ಟಿಗೆ ಕತ್ತರಿಸದೆ, ಎಡಕ್ಕೊಂದು ಬಲಕ್ಕೊಂದು ಕಾಗದವನ್ನು ಬೇರೆಬೇರೆಯಾಗಿ ಬರೆದುಕೊಳ್ಳಿ. ಕೃತಕ ಸ್ತನವನ್ನು ಧರಿಸುವುದಾದರೆ ಒಳಗೆ ಮೆತ್ತನೆಯ ಹತ್ತಿಯ ಜೇಬನ್ನು ಹೊಲಿಯಬಹುದು. ಧರಿಸದಿದ್ದರೆ ಆ ಪಾರ್ಶ್ವಕ್ಕೆ ಡಾರ್ಟು ಬೇಡ. ಗಾಯದ ಗುರುತಿನ ಮೇಲೆ ಹೊಲಿಗೆಯ ಗಂಟಾಗಲಿ ಪಟ್ಟಿಯಾಗಲಿ ಬಾರದಂತೆ ನೋಡತಕ್ಕದ್ದು. ಚಿಕಿತ್ಸೆಯ ತರುವಾಯ ಕೆಲವರಿಗೆ ಆ ಕಡೆಯ ತೋಳು ಊದಿಕೊಳ್ಳುವುದುಂಟು. ಅಂಥವರ ತೋಳಿನ ಅಂಚು ಎಂದಿಗೂ ಬಿಗಿಯಾಗಿರಕೂಡದು. ಎತ್ತರದ ಕಂಕುಳೂ ಸ್ವಲ್ಪ ಮೇಲೇರಿದ ಕೊರಳೂ ಗುರುತನ್ನು ಮುಚ್ಚುವುವು. ಸಿದ್ಧವಾಗಿ ದೊರೆಯದ ಈ ರವಿಕೆಯನ್ನು ಮನೆಯವರೇ ಹೊಲಿದುಕೊಟ್ಟರೆ, ಅಂಗಡಿಯಲ್ಲಿ ಅಪರಿಚಿತರೆದುರು ಅಳತೆ ಕೊಡುವ ಕಷ್ಟವಾದರೂ ತಪ್ಪುವುದು.

ಬಟ್ಟೆಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ರಾಯಚೂರು, ಕಲಬುರ್ಗಿಗಳಲ್ಲಿ ಉಷ್ಣಮಾನವು ೪೦ ಡಿಗ್ರಿಯನ್ನು ದಾಟಿದರೂ ಗಾಳಿ ಒಣಗಿರುವುದರಿಂದ ಬೆವರು ಆರುವುದು. ಅಲ್ಲಿ ಖಾದಿಯೂ ಹಿತವೇ. ಮಂಗಳೂರಿನ ಸೆಕೆಯಲ್ಲಿ ಬೆವರು ಆರದು. ಅಲ್ಲಿ ವಾಯಿಲು, ಮಲ್ಲು ಮುಂತಾದ ತೆಳುಬಟ್ಟೆಗಳೇ ಸರಿ. ಒಳವಸ್ತ್ರವನ್ನು ಮೈಭಾಗಕ್ಕೆ ಮಾತ್ರ ಕೊಟ್ಟು ತೋಳನ್ನು ಒಂಟಿಯಾಗಿ ಬಿಡಿ. ಎರಡೆರಡು ಎಳೆ ಹುರಿಮಾಡಿದ ನೂಲಿನಿಂದ ಹಾಸನ್ನೂ ಹೊಕ್ಕನ್ನೂ ನೇಯ್ದ ಟೂ ಬೈ ಟೂ ರೂಬಿಯಾ ಎಲ್ಲ ಕಡೆಗೂ ನಡೆಯುವುದು. ಬಾಗಿನದ ಕಣವು ಹತ್ತಿಯೇ ಎಂದು ಸಂದೇಹವಿದ್ದರೆ ಅಂಚಿನ ಎಳೆಯೊಂದನ್ನು ಸುಟ್ಟು ನೋಡಿ: ಹತ್ತಿಯು ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾಗುವುದು, ಪಾಲಿಯೆಸ್ಟರು ಕರಗಿ ಗಟ್ಟಿಯಾದ ಮಣಿಯಾಗುವುದು. ಮಣಿಯಾದುದನ್ನು ಮಾರ್ಗಶಿರಕ್ಕೆ ಇಟ್ಟುಕೊಳ್ಳಿ. ಆ ಕಣಗಳು ಎಂಬತ್ತು ಸೆಂಟಿಮೀಟರಿಗಿಂತ ಕಡಿಮೆಯಿರುವುದೂ ಉಂಟು. ಮೇಲೆ ಹೇಳಿದಂತೆ ಅಗಲಿಸಿದ ಮಾದರಿಗೆ ಒಂದು ಮೀಟರು ಬೇಕಾಗಬಹುದು. ಕತ್ತರಿಸುವ ಮುಂಚೆ ಬಟ್ಟೆಯನ್ನೂ ಒಳವಸ್ತ್ರವನ್ನೂ ರಾತ್ರಿ ನೀರಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಲೇಬೇಕು. ಒಂದು ಕುಗ್ಗಿ ಇನ್ನೊಂದು ಕುಗ್ಗದಿದ್ದರೆ ರವಿಕೆಯು ಹಪ್ಪಳದಂತೆ ಸುರುಟುವುದು.

ಹೊಸ ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಳೆಯ ಪಂಚೆಯಲ್ಲಿಯೋ ಸೀರೆಯಲ್ಲಿಯೋ ಒಂದು ಕರಡನ್ನು ಉದ್ದ ಹೊಲಿಗೆಯಿಂದ ಹೊಲಿದು ತೊಟ್ಟು ನೋಡಿ. ಕನ್ನಡಿಯ ಮುಂದೆ ನೆಟ್ಟಗೆ ನಿಂತರೆ ಸಾಲದು. ನೆಲದ ಮೇಲೆ ಕುಳಿತು ಎದ್ದು, ಗೂಡಿಗೆ ಕೈಚಾಚಿ, ಜಡೆ ಹೆಣೆದುಕೊಂಡು, ಮಗುವಿದ್ದರೆ ಎತ್ತಿಕೊಂಡು ನೋಡಬೇಕು. ಎಲ್ಲಿ ಎಳೆಯುವುದೋ ಅಲ್ಲಿ ಪೆನ್ಸಿಲಿನಿಂದ ಗುರುತಿಟ್ಟು ಕಾಗದವನ್ನು ತಿದ್ದಿರಿ. ಬೇಸಗೆಗೆ ಎದೆಸುತ್ತಿನಲ್ಲಿ ಎರಡೂವರೆ ಅಂಗುಲ ಸಡಿಲವಿದ್ದರೆ ತಪ್ಪಿಲ್ಲ. ಒದ್ದೆ ಬಟ್ಟೆ ಮೈಗೆ ಅಂಟಿ ಕುಳಿತಲ್ಲಿಯೇ ಬೆವರುಸಾಲೆ ಏಳುವುದು. ತೆಳುಬಟ್ಟೆಗೆ ಒಂಬತ್ತು ಅಥವಾ ಹನ್ನೊಂದನೆಯ ನಂಬರಿನ ಸೂಜಿ, ಅಂಗುಲಕ್ಕೆ ಹನ್ನೆರಡು ಹೊಲಿಗೆ. ಕೊರಳಿಗೆ ಒಂದೂಕಾಲು ಅಂಗುಲದ ಓರೆಪಟ್ಟಿ. ಪಕ್ಕದ ಹೊಲಿಗೆಯಲ್ಲಿ ಒಂದಂಗುಲ ಬಟ್ಟೆಯನ್ನು ಒಳಗೆ ಬಿಟ್ಟು, ಕಾಲಂಗುಲಕ್ಕೊಂದರಂತೆ ಎರಡು ಸಾಲು ಹೆಚ್ಚಿಗೆ ಹೊಲಿಯಿರಿ. ಬಾಣಂತಿಗಾಗಲಿ ಬೆಳೆಯುವ ಹುಡುಗಿಗಾಗಲಿ ಒಳಸಾಲನ್ನು ಬಿಚ್ಚಿದರೆ ರವಿಕೆ ಮತ್ತೊಂದು ವರ್ಷಕ್ಕೆ ಬರುವುದು.

ತಿದ್ದಿದ ಮಾದರಿಯನ್ನು ಗಟ್ಟಿಯಾದ ಕಂದುಕಾಗದಕ್ಕೆ ಇಳಿಸಿಕೊಂಡು, ಅದರ ಮೇಲೆ ತೊಡುವವರ ಹೆಸರು, ಎದೆಯ ಎರಡು ಸುತ್ತುಗಳು, ತಿಂಗಳು, ವರ್ಷ ಇಷ್ಟನ್ನು ಬರೆಯಿರಿ. ಮಡಿಸದೆ ಹಳೆಯ ಪಂಚಾಂಗದ ಹಾಳೆಯೊಳಗೆ ಸುರುಳಿ ಸುತ್ತಿ, ಇಲಿಗಳಿಗೆ ಎಟುಕದಲ್ಲಿ ಇಡಿ. ಬರುವ ಯುಗಾದಿಗೆ ತೆಗೆದಾಗ ಮೊದಲು ಪಟ್ಟಿ ಹಿಡಿದು ಮತ್ತೊಮ್ಮೆ ಅಳೆಯಿರಿ.